ಟೈರಿನ ಪಕ್ಕೆಯ ಮೇಲಿನ ಲೆಕ್ಕ

ಪೀಣ್ಯ ಎರಡನೇ ಹಂತದ ಯಾವುದಾದರೂ ಟೈರಂಗಡಿ ಮುಂದೆ ಐದು ನಿಮಿಷ ನಿಂತು ನೋಡಿ. ಪೇರಿಸಿಟ್ಟ ಟೈರುಗಳಲ್ಲಿ ಎರಡು ನಮೂನೆ ಪಕ್ಕಪಕ್ಕದಲ್ಲೇ ಕಾಣುತ್ತವೆ. ಒಂದು ಮಾರುತಿ ಆಲ್ಟೋದ್ದು, ಇನ್ನೊಂದು ಟಾಟಾ ಏಸ್‌ದು. ಅಗಲ ಒಂದೇ, ಎತ್ತರ ಹೆಚ್ಚುಕಮ್ಮಿ ಒಂದೇ, ಎರಡೂ ಹನ್ನೆರಡು ಇಂಚಿನ ರಿಮ್ಮಿಗೆ ಕೂರುವಂಥವು. ಆದರೆ ಆಲ್ಟೋ ಟೈರಿನ ಪಕ್ಕೆಯಲ್ಲಿ ‘145/80 ಆರ್12 74ಟಿ’ ಅಂತಿದ್ದರೆ, ಏಸ್ ಟೈರಿನ ಪಕ್ಕೆಯಲ್ಲಿ ‘145 ಆರ್12 ಎಲ್‌ಟಿ 8ಪಿಆರ್’ ಅಂತಿರುತ್ತೆ. ಮೊದಲನೆಯದು ಹೊರೋದು 375 ಕಿಲೋ. ಎರಡನೆಯದು ಸುಮಾರು ಅರ್ಧ ಟನ್. ಕಾರಿನ ಟೈರು ಸ್ವಲ್ಪ ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನೇ ಏಸ್‌ಗೆ ಹಾಕಿಸಿ, ಹಿಂದೆ ಕಬ್ಬಿಣದ ರಾಡು ತುಂಬಿಸಿಕೊಂಡು ತುಮಕೂರು ರಸ್ತೆಗಿಳಿದರೆ ಏನಾಗಬಹುದು ಅನ್ನೋದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಒಂದೇ ಅಳತೆಯ ಟೈರಿಗೆ ಎರಡು ಥರದ ಬರವಣಿಗೆ ಯಾಕೆ? ಒಂದರಲ್ಲಿ 80 ಇದೆ, ಇನ್ನೊಂದರಲ್ಲಿ ಅದರ ಸುಳಿವೇ ಇಲ್ಲ. ಒಂದರಲ್ಲಿ ಭಾರಕ್ಕೆ 74 ಅನ್ನೋ ಅಂಕಿ, ಇನ್ನೊಂದರಲ್ಲಿ 8ಪಿಆರ್. ಎರಡರಲ್ಲೂ ಟೈರಿನ ಅಗಲ ಮಿಲಿಮೀಟರಿನಲ್ಲಿ, ರಿಮ್ಮು ಮಾತ್ರ ಇಂಚಿನಲ್ಲಿ. ನಾನು ಸಾಫ್ಟ್‌ವೇರಿನವನು. ಇಂಥದ್ದು ಕಂಡ ಕೂಡಲೇ ನನಗೆ ನೆನಪಾಗೋದು ಹದಿನೈದು ವರ್ಷ ಹಳೆಯ ಕೋಡು. ಅಲ್ಲೂ ಹೀಗೇ. ಯಾರೋ ಒಬ್ಬರು ಒಂದು ಕಾಲದಲ್ಲಿ ಒಂದು ಕಾರಣಕ್ಕೆ ಒಂದು ಫೀಲ್ಡ್ ಸೇರಿಸಿರುತ್ತಾರೆ, ಆಮೇಲೆ ಬಂದವರು ಅದನ್ನ ತೆಗೆಯೋಕೆ ಧೈರ್ಯ ಸಾಲದೆ ಪಕ್ಕದಲ್ಲಿ ಇನ್ನೊಂದು ಸೇರಿಸಿರುತ್ತಾರೆ. ಟೈರಿನ ಪಕ್ಕೆಯ ಮೇಲಿರೋದೂ ಅಂಥ ಒಂದು ಸಾಲು. ಅದನ್ನ ಬರೆದು ಮುಗಿಸೋಕೆ ನೂರು ವರ್ಷ ಹಿಡಿದಿದೆ, ಹಲವು ದೇಶದವರ ಕೈ ಸೇರಿದೆ.

ಇದರ ಅತಿ ಹಳೆಯ ರೂಪ ನೋಡಬೇಕೆಂದರೆ ಮ್ಯೂಸಿಯಮ್ಮಿಗೆ ಹೋಗಬೇಕಿಲ್ಲ. ಅದೇ ಪೀಣ್ಯದಲ್ಲಿ ಶಿಫ್ಟಿಗೆ ಬರುವ ಹಿರಿಯ ಕಾರ್ಮಿಕರೊಬ್ಬರ ಕಪ್ಪು ಸೈಕಲ್ ಹುಡುಕಿ. ಅದರ ಟೈರಿನ ಮೇಲೆ ‘28 x 1½’ ಅಂತಿರುತ್ತೆ. ಟೈರಿನ ಹೊರ ವ್ಯಾಸ 28 ಇಂಚು, ದಪ್ಪ ಒಂದೂವರೆ ಇಂಚು ಅಂತ ಅರ್ಥ. ರಿಮ್ಮು ಎಷ್ಟು ಅಂತ ಅದು ಹೇಳುವುದೇ ಇಲ್ಲ, ನಾವೇ ಲೆಕ್ಕ ಹಾಕಬೇಕು. ಮೇಲೆ ಒಂದೂವರೆ, ಕೆಳಗೆ ಒಂದೂವರೆ ಕಳೆದರೆ 25 ಇಂಚು, ಅಂದರೆ 635 ಮಿ.ಮೀ. ಈಗಿನ ಸೈಕಲ್ ಟೈರುಗಳ ಮೇಲೆ ಹಳೆಯ ಅಳತೆಯ ಪಕ್ಕದಲ್ಲೇ ‘40-635’ ಅಂತಲೂ ಇರುತ್ತೆ. ಒಂದೇ ಸಂಗತಿಯನ್ನ ಎರಡು ಕಾಲದವರು ಎರಡು ಭಾಷೆಯಲ್ಲಿ ಹೇಳಿದ್ದಾರೆ, ಅಷ್ಟೆ.

1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದಾಗ ಅವನ ಕಣ್ಣೆದುರು ಇದ್ದದ್ದು ಸೈಕಲ್ಲೇ. (ಅವನಿಗಿಂತ ನಲವತ್ತು ವರ್ಷ ಮುಂಚೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಇದೇ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ. ಹಾಕೋಕೆ ಸೈಕಲ್ಲೂ ಇರಲಿಲ್ಲ, ಕಾರೂ ಇರಲಿಲ್ಲ, ಹಾಗಾಗಿ ಲೋಕ ಅವನನ್ನು ಮರೆತುಬಿಟ್ಟಿತು.) ಕಾರು ಬಂದಾಗಲೂ ಸೈಕಲ್ಲಿನ ಪದ್ಧತಿಯೇ ಮುಂದುವರಿಯಿತು. ಫೋರ್ಡ್ ಮಾಡೆಲ್ ಟಿ ಕಾರಿನ ಹಿಂದಿನ ಟೈರು ‘30 x 3½’. ಮೂವತ್ತರಲ್ಲಿ ಏಳು ಕಳೆಯಿರಿ, ರಿಮ್ಮು 23 ಇಂಚು. ಟೈರಿನ ಅಡ್ಡ ಕೊಯ್ತ ಬಳೆಯ ಹಾಗೆ ದುಂಡಗಿದ್ದ ಕಾಲಕ್ಕೆ ಈ ಲೆಕ್ಕ ಸಾಕಾಗುತ್ತಿತ್ತು.

1920ರ ದಶಕದಲ್ಲಿ ‘ಬಲೂನ್ ಟೈರು’ಗಳು ಬಂದವು. ಹೆಚ್ಚು ದಪ್ಪ, ಕಡಿಮೆ ಗಾಳಿ, ಮೆತ್ತನೆಯ ಸವಾರಿ. ಈಗ ಹೊರ ವ್ಯಾಸ ತಿಳಿದು ಉಪಯೋಗವಿಲ್ಲ. ಕೊಳ್ಳುವವನಿಗೆ ಬೇಕಾದದ್ದು ತನ್ನ ಹತ್ತಿರ ಇರುವ ರಿಮ್ಮಿಗೆ ಇದು ಕೂರುತ್ತಾ ಅನ್ನೋದು. ಹಾಗಾಗಿ ಬರವಣಿಗೆ ತಿರುಗಿ ನಿಂತಿತು: ಮೊದಲು ಅಗಲ, ಆಮೇಲೆ ರಿಮ್ಮು. ನಮ್ಮ ದೊಡ್ಡವರ ಅಂಬಾಸಿಡರ್ ಕಾರಿನ 5.90-15, ಪ್ರೀಮಿಯರ್ ಪದ್ಮಿನಿಯ 5.20-14 ಇದೇ ತಲೆಮಾರಿನವು. ಅಗಲ 5.9 ಇಂಚು, ರಿಮ್ಮು 15 ಇಂಚು. ಲಾರಿಯ 10.00-20 ಕೂಡ ಇದೇ ಜಾತಿ. ನಮ್ಮ ಟೈರಂಗಡಿಗಳ ಬೋರ್ಡಿನಲ್ಲಿ ಆ ಚುಕ್ಕೆ ಎಂದೋ ಅಳಿಸಿಹೋಗಿದೆ. ‘1000-20’, ‘900-20’ ಅಂತಲೇ ಬರೆದಿರುತ್ತಾರೆ, ಕೇಳುವವರೂ ಹಾಗೇ ಕೇಳುತ್ತಾರೆ. ಚುಕ್ಕೆ ಇಲ್ಲದೆ ಯಾರಿಗೂ ಏನೂ ನಷ್ಟವಾಗಿಲ್ಲ.

‘ಪಿಆರ್’ ಕೂಡ ಆ ಕಾಲದ್ದೇ. ಟೈರಿನ ಶಕ್ತಿ ಇರೋದು ರಬ್ಬರಿನಲ್ಲಿ ಅಂತ ನಾವು ತಿಳಿದಿರ್ತೀವಿ. ನಿಜವಾಗಿ ಗಾಳಿಯ ಒತ್ತಡವನ್ನ ತಡೆದು ಹಿಡಿಯೋದು ರಬ್ಬರಿನೊಳಗೆ ಹುದುಗಿರುವ ಬಟ್ಟೆಯ ಪದರಗಳು. ಆಗ ಆ ಬಟ್ಟೆ ಹತ್ತಿಯದು. ಎಂಟು ಪದರ ಹತ್ತಿ ಹಾಕಿದರೆ 8 ಪ್ಲೈ. ಆಮೇಲೆ ರೇಯಾನ್ ಬಂತು, ನೈಲಾನ್ ಬಂತು. ಎರಡೂ ಹತ್ತಿಗಿಂತ ಗಟ್ಟಿ, ಪದರ ಕಡಿಮೆ ಸಾಕು. ಆದರೆ ಎಂಟು ಪದರದ ಟೈರು ಕೊಂಡು ರೂಢಿಯಾದ ಲಾರಿ ಮಾಲೀಕನಿಗೆ ‘ಇದು ನಾಲ್ಕೇ ಪದರ’ ಅಂದರೆ ಕೊಳ್ತಾನಾ? ‘ಪದರ ಎಷ್ಟಾದರೂ ಇರಲಿ, ಶಕ್ತಿ ಮಾತ್ರ ಎಂಟು ಪದರ ಹತ್ತಿಯಷ್ಟು’ ಅನ್ನೋದಕ್ಕೆ 8 ಪ್ಲೈ ರೇಟಿಂಗ್ ಅಂದರು. ಇವತ್ತು ಪೀಣ್ಯದಲ್ಲಿ ಓಡಾಡುವ ಏಸ್‌ನ ಟೈರಿನೊಳಗೆ ಹತ್ತಿಯ ಒಂದೆಳೆಯೂ ಇಲ್ಲ. ಲೆಕ್ಕ ಮಾತ್ರ ಹತ್ತಿಯದು. ಕುದುರೆಯೇ ಇಲ್ಲದ ಎಂಜಿನ್ನಿಗೆ ಹಾರ್ಸ್‌ಪವರ್ ಇದ್ದಂತೆ.

ಇಲ್ಲಿಯವರೆಗಿನ ಕತೆಯೆಲ್ಲ ಇಂಚಿನದು. ಮಿಲಿಮೀಟರ್ ಹೊಕ್ಕಿದ್ದು ಫ್ರಾನ್ಸಿನಿಂದ. ಮಿಶೆಲಿನ್ ಕಂಪನಿಯಲ್ಲಿ ಮಾರಿಯಸ್ ಮಿನ್ಯೋಲ್ ಅನ್ನೋ ಒಬ್ಬ ನೌಕರನಿದ್ದ. ಕೆಲಸಕ್ಕೆ ಸೇರಿದ್ದು ಕಂಪನಿಯ ಮುದ್ರಣ ವಿಭಾಗಕ್ಕೆ. ಟೈರು ಯಾಕೆ ಅಷ್ಟು ಬಿಸಿಯಾಗುತ್ತೆ ಅನ್ನೋದು ಅವನ ತಲೆ ಕೊರೆಯುತ್ತಿದ್ದ ಪ್ರಶ್ನೆ. ಹಳೆಯ ಟೈರಿನಲ್ಲಿ ಎಳೆಗಳು ಓರೆಯಾಗಿ, ಒಂದರ ಮೇಲೊಂದು ಕತ್ತರಿ ಹಾಕಿಕೊಂಡಿರುತ್ತಿದ್ದವು. ಚಕ್ರ ಉರುಳಿದಾಗಲೆಲ್ಲ ಅವು ಒಂದನ್ನೊಂದು ಉಜ್ಜುತ್ತವೆ, ಉಜ್ಜಿದಷ್ಟೂ ಬಿಸಿ. ಮಿನ್ಯೋಲ್ ಪ್ರಯೋಗಕ್ಕೆಂದು ಒಂದು ವಿಚಿತ್ರ ಟೈರು ಮಾಡಿಸಿದ. ಅದರ ಪಕ್ಕೆಯಲ್ಲಿ ರಬ್ಬರಿನ ಬದಲು ದೂರದೂರಕ್ಕೆ ಅಡ್ಡಡ್ಡಲಾಗಿ ಕಟ್ಟಿದ ಉಕ್ಕಿನ ತಂತಿಗಳು ಮಾತ್ರ. ನೋಡಿದವರು ಅದನ್ನ ‘ನೊಣದ ಪಂಜರ’ ಅಂದರು. ಬಿಸಿ ಮಾತ್ರ ಗಣನೀಯವಾಗಿ ಇಳಿದಿತ್ತು. 1946ರಲ್ಲಿ ಪೇಟೆಂಟ್ ಆಯ್ತು, 1949ರಲ್ಲಿ ಮಿಶೆಲಿನ್ ಎಕ್ಸ್ ಅನ್ನೋ ಹೆಸರಲ್ಲಿ ಮಾರಾಟಕ್ಕೂ ಬಂತು. ನಾವು ರೇಡಿಯಲ್ ಅನ್ನೋದು ಇದನ್ನೇ. ನಮ್ಮ ಟೈರಿನ ಮೇಲಿನ ‘ಆರ್’ ಇದೇ. ಎಷ್ಟೋ ಜನ ಅದನ್ನ ರೇಡಿಯಸ್ ಅಂತ ತಿಳಿದು ‘ಆರ್14 ಅಂದರೆ ತ್ರಿಜ್ಯ 14’ ಅಂತ ವಾದ ಮಾಡೋದು ಕೇಳಿದ್ದೀನಿ. ತ್ರಿಜ್ಯ ಹದಿನಾಲ್ಕು ಇಂಚಾದರೆ ರಿಮ್ಮೇ ಇಪ್ಪತ್ತೆಂಟು ಇಂಚಾಯಿತು. ಅದು ಕಾರಲ್ಲ, ಟ್ರ್ಯಾಕ್ಟರ್.

ಮಜಾ ಏನಂದರೆ, ಮಿಶೆಲಿನ್‌ನವರ ಆ ಮೊದಲ ರೇಡಿಯಲ್ಲಿನ ಅಳತೆ 165-400. ಅಗಲವೂ ಮಿಲಿಮೀಟರು, ರಿಮ್ಮೂ ಮಿಲಿಮೀಟರು. ಫ್ರಾನ್ಸಿನ ಸಿಟ್ರೋಯೆನ್ ಕಾರುಗಳ ರಿಮ್ಮು 400 ಮಿ.ಮೀ. ಇದ್ದದ್ದರಿಂದ ಯಾವ ತೊಡಕೂ ಇರಲಿಲ್ಲ. ತೊಡಕಾದದ್ದು ಹೊರದೇಶಕ್ಕೆ ಮಾರೋಕೆ ಹೊರಟಾಗ. ಅಲ್ಲಿನ ಕಾರುಗಳ ರಿಮ್ಮೆಲ್ಲ 13, 14, 15 ಇಂಚು. ಟೈರನ್ನ ಬದಲಾಯಿಸಬಹುದು, ಜಗತ್ತಿನ ಕಾರ್ಖಾನೆಗಳಲ್ಲಿ ರಿಮ್ಮು ಒತ್ತುವ ಡೈಗಳನ್ನ ಯಾರು ಬದಲಾಯಿಸ್ತಾರೆ? ಅಗಲ ಫ್ರೆಂಚರದು, ರಿಮ್ಮು ಇಂಗ್ಲಿಷರದು ಅಂತ ರಾಜಿಯಾಯಿತು. 1960ರ ದಶಕದಲ್ಲಿ ಸಿಟ್ರೋಯೆನ್ ಕೂಡ 15 ಇಂಚಿಗೆ ಬಂದುಬಿಟ್ಟಿತು. ಆದರೂ ಮಿಶೆಲಿನ್‌ಗೆ ಸಮಾಧಾನವಿಲ್ಲ. 1975ರ ಹೊತ್ತಿಗೆ ಟಿಆರ್‌ಎಕ್ಸ್ ಅಂತ ಮತ್ತೊಮ್ಮೆ ಪೂರ್ತಿ ಮೆಟ್ರಿಕ್ ಟೈರು ತಂದರು: ‘190/65 ಆರ್390’. ಬಿಎಂಡಬ್ಲ್ಯು ಹಾಕಿತು, ಫೋರ್ಡ್ ತನ್ನ ಮಸ್ಟಾಂಗಿಗೂ ಹಾಕಿತು. ಟೈರು ಚೆನ್ನಾಗಿಯೇ ಇತ್ತು. ಆದರೆ ಅದಕ್ಕೆ ಅದರದೇ ರಿಮ್ಮು ಬೇಕು, ಬೇರೆ ಕಂಪನಿಯ ಟೈರು ಕೂರಲ್ಲ. ಜನ ತಿರುಗಿ ನೋಡಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಕತೆಯಲ್ಲಿ ಅತ್ಯಂತ ಅಚ್ಚುಕಟ್ಟಾದ ಯೋಚನೆ ಟಿಆರ್‌ಎಕ್ಸ್‌ದು, ಸೋತದ್ದೂ ಅದೇ. ನಮ್ಮ ಕ್ಷೇತ್ರದಲ್ಲೂ ಇಂಥವು ಬೇಕಾದಷ್ಟಿವೆ, ಹೆಸರು ಹೇಳಿದರೆ ಜಗಳ ಶುರುವಾಗುತ್ತೆ.

ನಮ್ಮ ಕಡೆಯ ಕತೆಗೆ ಬರೋಣ. ಭಾರತದ ಮೊದಲ ಟೈರು ಕಾರ್ಖಾನೆ ಬಂಗಾಳದ ಸಾಹಾಗಂಜಿನಲ್ಲಿ, 1936ರಲ್ಲಿ, ಅದೂ ಡನ್‌ಲಪ್ ಕಂಪನಿಯದೇ. ಮುಂದೆ ನಮ್ಮ ರಾಜ್ಯ ಸರ್ಕಾರದ ಒತ್ತಾಸೆಯಿಂದ ಮೈಸೂರಿನ ಕೆಆರ್‌ಎಸ್ ರಸ್ತೆಯ ಮೇಟಗಳ್ಳಿಯಲ್ಲಿ ವಿಕ್ರಾಂತ್ ಟೈರ್ಸ್ ಹುಟ್ಟಿಕೊಂಡಿತು. ಕಾರಿಗೆ ರೇಡಿಯಲ್ ಟೈರನ್ನ ಜೆ.ಕೆ. ಟೈರ್ 1977ರಲ್ಲೇ ತಂದಿತ್ತು. ಆದರೆ ಲಾರಿಯವರು ಜಪ್ಪಯ್ಯ ಅಂದರೂ ನೈಲಾನ್ ಬಿಡಲಿಲ್ಲ. ಕಾರಣ ಇಲ್ಲದಿಲ್ಲ. ಆಗಿನ ರಸ್ತೆಗೆ, ಆಗಿನ ಓವರ್‌ಲೋಡಿಗೆ ಓರೆ ಎಳೆಯ ನೈಲಾನ್ ಟೈರಿನ ದಪ್ಪ ಪಕ್ಕೆಯೇ ಸರಿಯಾಗಿತ್ತು. ರೇಡಿಯಲ್ಲಿನ ಪಕ್ಕೆ ತೆಳು, ಕಲ್ಲಿಗೆ ಉಜ್ಜಿದರೆ ಕೆಲಸ ಮುಗೀತು. 1997ರಲ್ಲಿ ವಿಕ್ರಾಂತ್ ಕಂಪನಿ ಜೆ.ಕೆ. ತೆಕ್ಕೆಗೆ ಹೋಯಿತು. ಲಾರಿ-ಬಸ್ಸಿಗೆ ಪೂರ್ತಿ ಉಕ್ಕಿನ ರೇಡಿಯಲ್ ಟೈರು 1999ರಲ್ಲಿ ಹೊರಬಂದದ್ದು ಮೈಸೂರಿನ ಇದೇ ಕಾರ್ಖಾನೆಯಿಂದ. ಹಾಗಾಗಿ 1000-20 ಅನ್ನೋ ಅಡ್ಡಗೆರೆಯ ಜಾಗದಲ್ಲಿ ‘ಆರ್’ ಬಂದು 10.00 ಆರ್20 ಆದದ್ದರಲ್ಲಿ ನಮ್ಮ ಮೈಸೂರಿನವರ ಕೈಯೂ ಇದೆ.

ಸುಮಾರು ಅದೇ ಕಾಲಕ್ಕೆ ಹೊಸಕೋಟೆಯಲ್ಲಿ ವೋಲ್ವೋ ಕಾರ್ಖಾನೆ ಬಂತು. 2006ರಲ್ಲಿ ಬಿಎಂಟಿಸಿಯ ಕೆಂಪು ವೋಲ್ವೋ ಬಸ್ಸು ಬಂತು. ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ 335ಇ ಹಿಡಿದು ಐಟಿಪಿಎಲ್‌ಗೆ ಹೋಗಿ ಬಂದವರಿಗೆ ಅದು ಗೊತ್ತು. ಆ ಬಸ್ಸಿನ ಟೈರು ‘295/80 ಆರ್22.5’. ಆ ಅರ್ಧ ಇಂಚು ಯಾಕೆ ಅಂತ ಯೋಚಿಸಿದ್ದೀರಾ? ದೊಡ್ಡ ಗಾಡಿಗಳಲ್ಲಿ ಟ್ಯೂಬ್ ಇರುವ ಟೈರಿಗೆ 20 ಇಂಚಿನ ಹಾಗೆ ಪೂರ್ಣಾಂಕ, ಟ್ಯೂಬ್‌ಲೆಸ್‌ಗೆ 22.5ರ ಹಾಗೆ ಅರ್ಧ. ಎರಡರ ರಿಮ್ಮಿನ ಓರೆಯೇ ಬೇರೆ, ಅದಲುಬದಲು ಆಗಕೂಡದು. ಅದಲುಬದಲಾದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದಲ್ಲಿ ಕಹಿ ಅನುಭವ ಇದೆ. ಅಲ್ಲಿ ಪಿಕಪ್ ಗಾಡಿಗಳಿಗೆ 16 ಇಂಚಿನ ರಿಮ್ಮೂ ಇತ್ತು, 16.5 ಇಂಚಿನದೂ ಇತ್ತು. 16ರ ಟೈರನ್ನ 16.5ರ ರಿಮ್ಮಿಗೆ ಒತ್ತಿ ಕೂರಿಸಿ, ಕೂರಲಿಲ್ಲ ಅಂತ ಇನ್ನಷ್ಟು ಗಾಳಿ ಹೊಡೆದಾಗ ಟೈರಿನ ಅಂಚಿನ ತಂತಿ ಹರಿದು ಸಿಡಿದು ಕೆಲಸಗಾರರು ಸತ್ತಿದ್ದಾರೆ.

ಇನ್ನು ಆ ಗೀಟಿನ ನಂತರದ ಸಂಖ್ಯೆ. ಟೈರಿನ ಪಕ್ಕೆಯ ಎತ್ತರ ಅದರ ಅಗಲದ ಶೇಕಡಾ ಎಷ್ಟು ಅನ್ನೋದು. ಮೊದಲ ರೇಡಿಯಲ್ಲುಗಳ ಪಕ್ಕೆ ಎಲ್ಲ ಸುಮಾರು ಶೇ 80, 82. ಎಲ್ಲವೂ ಒಂದೇ ಇದ್ದಾಗ ಬರೆಯೋದ್ಯಾಕೆ? ಬರೆಯುತ್ತಿರಲಿಲ್ಲ. 1960ರ ದಶಕದ ಕೊನೆಯಿಂದ ಕುಳ್ಳ ಪಕ್ಕೆಯ ಟೈರುಗಳು ಬಂದವು. ಮೊದಲು 70, ಆಮೇಲೆ 60. 1970ರ ದಶಕದ ನಡುವೆ ಪೋರ್ಷೆ ಟರ್ಬೋಗೆಂದು ಪಿರೆಲ್ಲಿ ಪಿ7 ಬಂದಾಗ 50. ಆಗ ಬರೆಯಲೇಬೇಕಾಯಿತು. ಏಸ್ ಟೈರಿನ ಮೇಲೆ 80 ಇಲ್ಲದಿರುವುದಕ್ಕೆ ಕಾರಣ ಇದೇ: ಸಾಮಾನು ಗಾಡಿಯ ಟೈರು ಇನ್ನೂ ಆ ಹಳೆಯ ‘ಹೇಳದಿದ್ದರೆ ಎಂಬತ್ತು’ ಕಾಲದ ಬರವಣಿಗೆಯಲ್ಲೇ ಉಳಿದಿದೆ.

ಈ ಸಂಖ್ಯೆ ಒಮ್ಮೆ ಅರ್ಥವಾದರೆ ಲೆಕ್ಕ ಸಲೀಸು. ಸ್ವಿಫ್ಟ್‌ನ ಕೆಳಗಿನ ಮಾಡೆಲ್ಲಿಗೆ 165/80 ಆರ್14, ಮೇಲಿನದಕ್ಕೆ 185/65 ಆರ್15. ನೋಡೋಕೆ ಏನೇನೋ ಅಂಕಿ. 165ರ ಶೇ 80 ಅಂದರೆ 132. ಮೇಲೆ ಕೆಳಗೆ ಸೇರಿ 264. ಹದಿನಾಲ್ಕು ಇಂಚು ಅಂದರೆ 355.6. ಒಟ್ಟು 619.6 ಮಿ.ಮೀ. ಇನ್ನೊಂದರದು ಇದೇ ರೀತಿ ಕೂಡಿದರೆ 621.5. ಎರಡೇ ಮಿ.ಮೀ. ವ್ಯತ್ಯಾಸ! ರಿಮ್ಮು ದೊಡ್ಡದಾದಷ್ಟೂ ಪಕ್ಕೆ ಕುಳ್ಳಗಾಗಿ ಹೊರ ವ್ಯಾಸ ಅಲ್ಲೇ ನಿಂತಿದೆ. ಕಂಪನಿ ಬೇಕಂತಲೇ ಹಾಗೆ ಆರಿಸಿದೆ.

ಹೊರಗೆ ಅಂಗಡಿಯಲ್ಲಿ ‘ಅಗಲ ಹಾಕಿಸಿ ಸಾರ್, ಗ್ರಿಪ್ ಸಿಗುತ್ತೆ, ಲುಕ್ಕೂ ಬರುತ್ತೆ’ ಅಂದಾಗ ಈ ಲೆಕ್ಕ ತಪ್ಪುತ್ತೆ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟಿನಲ್ಲಿ ಒಂದು ಸುತ್ತು ಹಾಕಿ, ಇಂಥವು ಕಣ್ಣಿಗೆ ಬೀಳದೇ ಇರಲ್ಲ. ಅದೇ 14 ಇಂಚಿನ ರಿಮ್ಮಿಗೆ 185/65 ಹಾಕಿಸಿದರೆ ಹೊರ ವ್ಯಾಸ 596ಕ್ಕೆ ಇಳಿಯುತ್ತೆ. ಕಾರು ನೆಲಕ್ಕೆ ಹತ್ತಿರ ಹತ್ತಿರ 12 ಮಿ.ಮೀ. ತಗ್ಗುತ್ತೆ. ನಮ್ಮೂರಿನ ಹಂಪುಗಳ ಮೇಲೆ ಅದು ಸಣ್ಣ ವಿಷಯವಲ್ಲ. ಇನ್ನೊಂದು ಸಂಗತಿ: ಚಕ್ರ ಚಿಕ್ಕದಾದರೆ ಅದೇ ದೂರಕ್ಕೆ ಹೆಚ್ಚು ಸುತ್ತು ಸುತ್ತಬೇಕು, ಮೀಟರ್ ಎಣಿಸೋದು ಸುತ್ತನ್ನ. ಸಾವಿರ ಕಿಲೋಮೀಟರ್ ಓಡಿದರೆ ಮೀಟರ್ 1039 ತೋರಿಸುತ್ತೆ. ಆಫೀಸಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆಗೆ ಓಡುವ ಗಾಡಿಗಳಿವೆ ಅನ್ನೋದನ್ನ ನೆನಪಿಸಿ ಇಷ್ಟಕ್ಕೇ ಸುಮ್ಮನಾಗ್ತೀನಿ.

ಇಡೀ ಸಾಲಿನಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಭಾರದ ಸಂಖ್ಯೆ. ಆಲ್ಟೋಗೆ 74, ಸ್ವಿಫ್ಟ್‌ನ 14 ಇಂಚಿನ ಟೈರಿಗೆ ಸಾಮಾನ್ಯವಾಗಿ 85, 15 ಇಂಚಿನದಕ್ಕೆ 88, ಇನೋವಾದ 205/65 ಆರ್15ಕ್ಕೆ 94. ಇದು ಕಿಲೋ ಅಲ್ಲ. 74 ಅಂದರೆ 375 ಕಿಲೋ, 85 ಅಂದರೆ 515, 88 ಅಂದರೆ 560, 94 ಅಂದರೆ 670. ಸುಮ್ಮನೆ ಕಿಲೋದಲ್ಲೇ ಬರೆಯೋಕೆ ಏನು ಕಷ್ಟ ಅಂತ ಅನ್ನಿಸೋದು ಸಹಜ. ಆದರೆ ಪಟ್ಟಿಯ ಬುಡಕ್ಕೆ ಹೋಗಿ ನೋಡಿ: 0 ಅಂದರೆ 45 ಕಿಲೋ, 80 ಅಂದರೆ 450 ಕಿಲೋ, 160 ಅಂದರೆ 4500 ಕಿಲೋ. ಎಂಬತ್ತು ಮೆಟ್ಟಿಲಿಗೆ ಸರಿಯಾಗಿ ಹತ್ತು ಪಟ್ಟು. ಒಂದೊಂದು ಮೆಟ್ಟಿಲಿಗೆ ಸುಮಾರು ಶೇ 3. ಹೈಸ್ಕೂಲಿನ ಲಾಗರಿದಮ್ ಪಟ್ಟಿ ಬಂದು ಟೈರಿನ ಮೇಲೆ ಕೂತಿದೆ! ಈ ಬಗೆಯ ಮೆಟ್ಟಿಲುಗಳನ್ನ 1870ರ ದಶಕದಲ್ಲಿ ಸೂಚಿಸಿದವನು ಶಾರ್ಲ್ ರೆನಾರ್ ಅನ್ನೋ ಫ್ರೆಂಚ್ ಸೇನೆಯ ಎಂಜಿನಿಯರ್. ಸೇನೆಯ ಬಲೂನುಗಳಿಗೆ ಬಳಸುತ್ತಿದ್ದ ಹಗ್ಗಗಳಲ್ಲಿ 425 ಅಳತೆಗಳಿದ್ದವಂತೆ, ಅವನು ಅದನ್ನ 17ಕ್ಕೆ ಇಳಿಸಿದ. ಸ್ಕೂಟರಿನಿಂದ ಟ್ರೈಲರ್ ಲಾರಿಯವರೆಗೆ ಎಲ್ಲ ಟೈರಿಗೂ ಸಾಲುವ ಒಂದೇ ಪಟ್ಟಿ ಬೇಕೆಂದಾಗ ಈ ದಾರಿಗಿಂತ ಒಳ್ಳೆಯದು ಇರಲಿಲ್ಲ.

ಆದರೆ ಇಷ್ಟು ಚೆಂದದ ಲೆಕ್ಕವೇ ಓದುವವನಿಗೆ ತೊಡಕೂ ಆಯ್ತು. 8ಪಿಆರ್ ಅಂದರೆ ‘ಗಟ್ಟಿ’ ಅಂತ ಗಾಡಿ ಓಡಿಸುವವರೆಲ್ಲರಿಗೂ ಗೊತ್ತು. 86, 91 ಅನ್ನೋದು ಏನೆಂದು ಅದನ್ನ ಕೊಳ್ಳುವ ಹತ್ತರಲ್ಲಿ ಒಬ್ಬರೂ ಕೇಳೋದನ್ನ ನಾನು ನೋಡಿಲ್ಲ. ನಮ್ಮ ಆಫೀಸಿಗೆ ರಾತ್ರಿ ಶಿಫ್ಟಿನ ಗಾಡಿ ಓಡಿಸುತ್ತಿದ್ದ ಅಣ್ಣನೊಬ್ಬನಿಗೆ ಇದನ್ನ ಹೇಳಿದಾಗ ಅವನು ನಕ್ಕು, ‘ಸಾರ್, ನಾವು ನೋಡೋದು ಎರಡೇ. ರೇಟು, ಗ್ರಿಪ್ಪು. ಮಿಕ್ಕಿದ್ದೆಲ್ಲ ಕಂಪನಿಯವರು ಅವರಿಗೆ ಬರ್ಕೊಂಡಿರೋದು ಅಂದ್ಕೊಂಡಿದ್ದೆ’ ಅಂದ. ಏಳು ಜನ, ಅವರ ಬ್ಯಾಗು, ದಿನಕ್ಕೆ ಇನ್ನೂರು ಕಿಲೋಮೀಟರು. ಕಾರಿನ ಎಲ್ಲ ಬರಹಗಳಲ್ಲಿ ಅವನಿಗೆ ಹೆಚ್ಚು ಬೇಕಾಗಿದ್ದದ್ದು ಆ ಎರಡಂಕಿಯೇ. ಅವನಿಗೆ ಅರ್ಥವಾಗದ ಹಾಗೆ ಬರೆದಿದ್ದಕ್ಕೆ ನಾನು ರೆನಾರ್‌ನನ್ನಲ್ಲ, ಪಟ್ಟಿ ಮಾಡಿದ ಸಮಿತಿಗಳನ್ನ ದೂರ್ತೀನಿ. ಪಕ್ಕದಲ್ಲಿ ಕಿಲೋ ಕೂಡ ಇರುತ್ತೆ ನಿಜ. ಎಷ್ಟೋ ಟೈರುಗಳಲ್ಲಿ ಒಳಸಾಲಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ.

ಭಾರದ ಪಕ್ಕದ ಅಕ್ಷರ ವೇಗದ್ದು. ಎಸ್ ಅಂದರೆ ಗಂಟೆಗೆ 180 ಕಿ.ಮೀ., ಟಿ 190, ಯು 200, ಎಚ್ 210, ವಿ 240. ಇಂಗ್ಲಿಷ್ ವರ್ಣಮಾಲೆಯಲ್ಲಿ ಎಚ್ ಅಷ್ಟು ಮುಂದೆ ಇದೆ, ಇಲ್ಲಿ ಯು ಮತ್ತು ವಿ ನಡುವೆ ಬಂದು ಕೂತಿದೆ. ಯಾಕೆಂದರೆ ಯುರೋಪಿನಲ್ಲಿ ಮೊದಲು ಇದ್ದದ್ದು ಮೂರೇ ಅಕ್ಷರ: ಎಸ್, ಎಚ್, ವಿ. ಆಮೇಲೆ ನಡುನಡುವೆ ಬೇರೆ ವೇಗಗಳು ಬೇಕಾದಾಗ ವರ್ಣಮಾಲೆಯ ಪ್ರಕಾರ ತುಂಬುತ್ತಾ ಹೋದರು, ಎಚ್ ಮಾತ್ರ ಇದ್ದಲ್ಲೇ ಉಳಿಯಿತು. ಸಿಲ್ಕ್ ಬೋರ್ಡಿನಲ್ಲಿ ಸಂಜೆ ಆರೂವರೆಗೆ ನಿಂತವರಿಗೆ ಈ ಅಕ್ಷರ ತಮಾಷೆಯಾಗಿ ಕಾಣಬಹುದು. ಆದರೆ ವೇಗದ ಪರೀಕ್ಷೆ ನಿಜವಾಗಿ ಬಿಸಿಯ ಪರೀಕ್ಷೆ. ಮಿನ್ಯೋಲ್‌ನ ನೊಣದ ಪಂಜರದ ಪ್ರಶ್ನೆಯೇ ಮತ್ತೆ. ಭಾರ ಹೆಚ್ಚು, ಗಾಳಿ ಕಡಿಮೆ, ಬಿಸಿಲು ಜೋರು ಇದ್ದರೆ ಕಡಿಮೆ ವೇಗದಲ್ಲೂ ಟೈರು ಅದೇ ಬಿಸಿಗೆ ಹೋಗಿ ಮುಟ್ಟುತ್ತೆ.

ಕೊನೆಯದು ದಿನಾಂಕ. ಇದು ನಮ್ಮ ಬೆಲ್ಟಿನವರಿಗೆ ಖಾಸಾ ಸಂಬಂಧಪಟ್ಟದ್ದು. ‘ಡಾಟ್’ ಅನ್ನೋ ಅಕ್ಷರಗಳಿಂದ ಶುರುವಾಗುವ ಉದ್ದ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಅಮೆರಿಕದ ಸಾರಿಗೆ ಇಲಾಖೆ 1970ರ ದಶಕದ ಆರಂಭದಲ್ಲಿ ತಂದ ಪದ್ಧತಿ ಇದು. ಟೈರು ಕೆಟ್ಟದ್ದೆಂದು ಗೊತ್ತಾದರೆ ಯಾವ ವಾರದ ಮಾಲು ವಾಪಸ್ ಪಡೀಬೇಕು ಅನ್ನೋದು ತಿಳಿಯಲಿ ಅಂತ. ಆದರೆ ಆಗ ಬರೆಯುತ್ತಿದ್ದದ್ದು ಮೂರೇ ಅಂಕಿ: ವಾರಕ್ಕೆ ಎರಡು, ವರ್ಷಕ್ಕೆ ಒಂದು. ‘408’ ಅಂದರೆ 40ನೇ ವಾರ, ಎಂಟನೇ ವರ್ಷ. ಯಾವ ಎಂಟು? 1978ಕ್ಕೂ ಅದೇ, 1988ಕ್ಕೂ ಅದೇ, 1998ಕ್ಕೂ ಅದೇ. ಹತ್ತು ವರ್ಷ ಯಾರು ಟೈರು ಇಟ್ಟುಕೊಳ್ತಾರೆ ಅಂತ ಅಂದುಕೊಂಡಿದ್ದರು. ಜನ ಇಟ್ಟುಕೊಂಡರು. ತೊಂಬತ್ತರ ದಶಕದಲ್ಲಿ ಕೆಲವು ಕಂಪನಿಗಳು ಪಕ್ಕದಲ್ಲಿ ಒಂದು ಪುಟ್ಟ ತ್ರಿಕೋನ ಒತ್ತಿ ‘ಇದು ತೊಂಬತ್ತರದು’ ಅಂತ ತೇಪೆ ಹಾಕಿದವು. 2000ದಿಂದ ವರ್ಷಕ್ಕೆ ಎರಡು ಅಂಕಿ, ಒಟ್ಟು ನಾಲ್ಕು ಆಯಿತು.

ಇದು ಯಾವ ಕಾಲ ಅಂತ ಗಮನಿಸಿ. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಶುರುವಾದ ಎಲೆಕ್ಟ್ರಾನಿಕ್ ಸಿಟಿ, 1998ರಲ್ಲಿ ಬಾಗಿಲು ತೆರೆದ ವೈಟ್‌ಫೀಲ್ಡಿನ ಟೆಕ್ ಪಾರ್ಕು, ಎರಡೂ ಕಡೆ ಆಗ ಹಗಲೂ ರಾತ್ರಿ ನಡೆಯುತ್ತಿದ್ದ ಕೆಲಸ ವೈ2ಕೆ. ಜಗತ್ತಿನ ಬ್ಯಾಂಕುಗಳ ಪ್ರೋಗ್ರಾಮಿನಲ್ಲಿ ಎರಡಂಕಿಯ ವರ್ಷವನ್ನ ನಾಲ್ಕಂಕಿ ಮಾಡುವುದು. ನಮ್ಮ ಸೀನಿಯರ್‌ಗಳು ಆ ಕೆಲಸದಲ್ಲೇ ಮನೆ ಕಟ್ಟಿದರು, ಕಾರು ಕೊಂಡರು. ಆ ಕಾರಿನ ಟೈರಿನ ಮೇಲೆ ಅದೇ ಬಗ್ಗು ಒಂದಂಕಿ ಇನ್ನೂ ಕಡಿಮೆ ಇಟ್ಟುಕೊಂಡು ಕೂತಿತ್ತು!

ನಾಲ್ಕಂಕಿ ಬಂದ ವರ್ಷವೇ, 2000ದ ಆಗಸ್ಟಿನಲ್ಲಿ, ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನ ವಾಪಸ್ ಕರೆಯಿತು. ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಯವು. ಬಿಸಿ ಹೆಚ್ಚಾಗಿ ಟೈರಿನ ಮೇಲ್ಪದರ ಕಿತ್ತುಬಂದು ಗಾಡಿಗಳು ಪಲ್ಟಿಯಾಗಿದ್ದವು. ಸತ್ತವರು 270ಕ್ಕೂ ಹೆಚ್ಚು. ತಮ್ಮ ಟೈರು ಆ ಪಟ್ಟಿಯಲ್ಲಿದೆಯಾ ಅಂತ ನೋಡಲು ಜನ ಪಕ್ಕೆಯ ಆ ಸಾಲನ್ನೇ ಓದಬೇಕಾಯಿತು. ಅದು ಒಳಬದಿಗಿದ್ದರೆ ಗಾಡಿಯಡಿ ನುಸುಳಿ ಓದಬೇಕು. ನಮ್ಮಲ್ಲಿ ಟೈರಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡುವ ಆದೇಶ ಬಂದದ್ದು 2009ರಲ್ಲಿ, ಜಾರಿಯಾದದ್ದು 2011ರಲ್ಲಿ. ಕಾರಿನ ಟೈರಿಗೆ ಐಎಸ್ 15633 ಅಂತಿರುತ್ತೆ.

ರಬ್ಬರು ಓಡಿದರೆ ಮಾತ್ರ ಸವೆಯೋದಲ್ಲ, ಸುಮ್ಮನೆ ನಿಂತರೂ ಗಾಳಿ, ಬಿಸಿ ತಾಗಿ ಗಡುಸಾಗುತ್ತಾ ಹೋಗುತ್ತೆ. 2020ರಿಂದ ಎರಡು ವರ್ಷ ನಮ್ಮ ಬೇಸ್‌ಮೆಂಟುಗಳಲ್ಲಿ ಎಷ್ಟು ಕಾರು ಅಲ್ಲಾಡದೆ ನಿಂತಿದ್ದವು ನೆನಪಿಸಿಕೊಳ್ಳಿ. ಓಡಿದ್ದು ಕಡಿಮೆ, ಗ್ರಿಪ್ ಹೊಸದರ ಹಾಗೆ. ಅದನ್ನೇ ನಂಬಿ ಈಗ ಅದೇ ಟೈರಿನಲ್ಲಿ ಏಪ್ರಿಲ್ ಮಧ್ಯಾಹ್ನ ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಐದು ಜನ ಕೂತು ನೂರರಲ್ಲಿ ಹೋಗ್ತೀವಿ. ಐದು ವರ್ಷದ ನಂತರ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಹತ್ತು ವರ್ಷವಾದರೆ ಹೇಗೇ ಇರಲಿ ತೆಗೆಸಿ ಅನ್ನೋದು ಮಿಶೆಲಿನ್‌ನಂಥ ಕಂಪನಿಗಳ ಸಲಹೆ. ಹೊಸದು ಕೊಳ್ಳುವಾಗಲೂ ನಾಲ್ಕಂಕಿ ನೋಡಿಯೇ ದುಡ್ಡು ಕೊಡಿ. ಗೋಡೌನಿನಲ್ಲಿ ಎರಡು ಮೂರು ವರ್ಷ ಮಲಗಿದ್ದದ್ದು ಹೊಸದರ ರೇಟಿಗೇ ಬರುತ್ತೆ. ಕೇಳಿದರೆ ಒಳ್ಳೆಯ ಅಂಗಡಿಯವರು ಬೇಸರಿಸದೆ ಬೇರೆ ತಂದುಕೊಡ್ತಾರೆ. ನಿಮ್ಮ ಕಾರಿಗೆ ಕಂಪನಿ ಹೇಳಿದ ಅಳತೆ, ಗಾಳಿ ಎಷ್ಟಿರಬೇಕು ಅನ್ನೋದು ಡ್ರೈವರ್ ಬಾಗಿಲು ತೆಗೆದರೆ ಸ್ಟಿಕ್ಕರಿನ ಮೇಲೆ ಇರುತ್ತೆ.

ಸ್ಟೆಪ್ನಿ ಮಾತು ಉಳಿಯಿತು. ಆ ಪದ ಬಂದದ್ದು ವೇಲ್ಸ್‌ನ ಲಾನೆಲಿ ಅನ್ನೋ ಊರಿನ ಸ್ಟೆಪ್ನಿ ಸ್ಟ್ರೀಟಿನಿಂದ. 1904ರಲ್ಲಿ ಅಲ್ಲಿ ಡೇವಿಸ್ ಸಹೋದರರು ಕಾರಿಗೆ ಬಿಗಿಯುವ ಹೆಚ್ಚುವರಿ ಚಕ್ರ ಮಾಡಿ ಮಾರಿದರು. ಬ್ರಿಟನ್ನಿನವರು ಆ ಹೆಸರು ಮರೆತಿದ್ದಾರೆ, ನಾವು ಮರೆತಿಲ್ಲ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿತು. ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಕಿಟ್ಟು, ಗಾಳಿಯ ಒತ್ತಡ ತೋರಿಸುವ ಸಾಧನ ಇದ್ದರೆ ಕಾರಿನಲ್ಲಿ ಸ್ಟೆಪ್ನಿ ಇರಲೇಬೇಕೆಂದಿಲ್ಲ. ಆದರೂ ನಮ್ಮಲ್ಲಿ ಬಹಳಷ್ಟು ಕಾರುಗಳ ಡಿಕ್ಕಿಯಲ್ಲಿ ಅದು ಇದೆ, ಮ್ಯಾಟ್ ಕೆಳಗೆ, ಮಲಗಿಕೊಂಡು. ಕೆಳಗಿನ ನಾಲ್ಕು ಟೈರನ್ನ ಒಮ್ಮೆ ಬದಲಾಯಿಸಿರ್ತೀವಿ, ಎರಡು ಸಲ ಬದಲಾಯಿಸಿರ್ತೀವಿ. ಇದು ಮಾತ್ರ ಶೋರೂಮಿನಿಂದ ಬಂದ ದಿನದ್ದು, ಮೇಲೆ ಕೂದಲಿನಂಥ ರಬ್ಬರ್ ಎಳೆಗಳೂ ಹಾಗೇ ಇರುತ್ತವೆ. ರಾತ್ರಿ ಹನ್ನೊಂದಕ್ಕೆ ನೈಸ್ ರೋಡಿನಲ್ಲಿ ಪಂಕ್ಚರ್ ಆದರೆ ಹಾಕೋದು ಅದನ್ನೇ. ಈ ವಾರ ಬಿಡುವಾದಾಗ ಡಿಕ್ಕಿ ತೆಗೆದು, ಮೊಬೈಲ್ ಟಾರ್ಚು ಹಾಕಿ, ಅದರ ಕೊನೆಯ ನಾಲ್ಕಂಕಿ ಏನಿದೆ ನೋಡಿ.